ಮುದಿಯೋ ಮುಡಿಯೋ: ದಂಡಿನ ದಾರಿಯಲ್ಲಿ ಮೂರು ಆಟ

ಅರಳೇಪೇಟೆ

ಅದು ಶನಿವಾರ. ನಮ್ಮವರು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಊಟವಾದ ಮೇಲೆ ಇನ್ನೊಂದು ಸಲ ಗಡ್ಡ ಹೆರೆದುಕೊಂಡರು. ಸಂಜೆ ಆಟವಿದ್ದ ದಿನ ಅವರಿಗೆ ಎರಡು ಕ್ಷೌರ. ನಾಟಕದ ಕಂಪನಿಯಲ್ಲಿ ಮೂವತ್ತು ವರ್ಷ ಸ್ತ್ರೀಪಾರ್ಟು ಮಾಡಿದವರು, ಹೆಚ್ಚಾಗಿ ರಾಣಿ. ನಾನು ಸೀರೆಯ ನೆರಿಗೆ ಹಿಡಿದುಕೊಟ್ಟೆ, ರವಿಕೆಯ ಬೆನ್ನಿನ ಗುಂಡಿ ಹಾಕಿದೆ. ಕನ್ನಡಿಯಲ್ಲಿ ನೋಡಿಕೊಂಡು, "ಸೊಂಟ ದಪ್ಪ ಕಾಣತ್ತೇನೇ?" ಅಂದರು.

"ರಾಣಿ ಅಲ್ವೇ, ಉಂಡು ತಿಂದ ಸೊಂಟ," ಅಂದೆ.

ನಕ್ಕರು. ಆಟ ಚೆನ್ನಾಗಿ ಆಯಿತು. ಮನೆಗೆ ಬಂದು ಮಜ್ಜಿಗೆ ಅನ್ನ ಉಂಡು ಮಲಗಿದೆವು. ಅಷ್ಟೇ ಆ ದಿನ. ಅದರ ಬಗ್ಗೆ ಇಷ್ಟು ಬರೆಯುತ್ತೇನೆಂದು ಆಗ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಸೋಮವಾರ ಕಂಪನಿಯ ಯಜಮಾನರು ಕರೆಸಿ, ಹದಿನೇಳು ವರ್ಷದ ಹುಡುಗಿಯೊಬ್ಬಳು ಸೇರಿದ್ದಾಳೆ, ಹಾಡುತ್ತಾಳೆ, ಈಗಿನ ಜನ ನಿಜವಾದ ಹೆಂಗಸನ್ನೇ ಕೇಳುತ್ತಾರೆ ಎಂದರಂತೆ. ನಮ್ಮವರು ಮನೆಗೆ ಬಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದರು: "ಹಾಗಾದ್ರೆ ನಾನು ಇಷ್ಟು ವರ್ಷ ಸುಳ್ಳು ಹೆಂಗಸಾ?"

ನಾನು ಕಾಫಿ ಕೊಟ್ಟೆ.

ನಮ್ಮಣ್ಣನಿಗೆ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ. ಸುದ್ದಿ ತಿಳಿದು ಅದೇ ವಾರ ಬಂದ. "ಭಾವ, ಮೀಸೆ ಬಿಡಿ, ಅಂಗಡಿಗೆ ಬನ್ನಿ. ಪಾತ್ರೆ ಕೊಳ್ಳೋರೆಲ್ಲ ಹೆಂಗಸರು. ಅವರ ಮನಸ್ಸು ನಿಮಗೆ ಗೊತ್ತಿರೋಷ್ಟು ಇನ್ಯಾರಿಗೆ ಗೊತ್ತು?" ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಮ್ಮವರು ಎಂಟು ದಿನ ಗೋಡೆ ನೋಡಿಕೊಂಡು ಕೂತರು. ಒಂಬತ್ತನೆಯ ದಿನ ಎದ್ದು, "ನಾನು ಒಬ್ಬನೇ ಆಡ್ತೀನಿ. ಗಂಡಸು ಮುದಿಯಾಗೋ ಕಥೆ. ಇಪ್ಪತ್ತು ವರ್ಷದೋನು, ಐವತ್ತರೋನು, ಎಪ್ಪತ್ತರೋನು, ಎಲ್ಲ ನಾನೇ. ಗಂಡಸಿನ ವೇಷ," ಅಂದರು.

"ನಿಮಗೆ ಅಭ್ಯಾಸ ಇಲ್ವಲ್ಲ," ಅಂದೆ. ತಮಾಷೆಗೆ ಹೇಳಿದ್ದಲ್ಲ. ಅವರು ನಡೆದರೆ ಸೊಂಟ ಮೊದಲು ಹೋಗಿ ಕಾಲು ಆಮೇಲೆ ಬರುತ್ತಿತ್ತು. ಆಮೇಲೆ ಒಂದು ತಿಂಗಳು ಪೇಟೆಯ ಮುದುಕರ ಹಿಂದೆ ನಡೆದು ನಡಿಗೆ ಕಲಿತರು. ಒಬ್ಬ ಮುದುಕರು ತಿರುಗಿ, "ಏನಪ್ಪಾ, ನನ್ನ ಮನೆ ಬೇಕಾ?" ಎಂದು ಕೇಳಿದರಂತೆ.

ಅಣ್ಣನಿಗೂ ಅವರಿಗೂ ಒಂದು ಒಪ್ಪಂದವಾಯಿತು. ಮೂರು ಆಟ. ಅದರಲ್ಲಿ ಎರಡರಲ್ಲಾದರೂ ಜನ ಕೊನೆಯವರೆಗೆ ಕೂತರೆ ಇವರು ನಟರು. ಇಲ್ಲದಿದ್ದರೆ ಮೀಸೆ, ಅಂಗಡಿ. ಆಟ ಎಲ್ಲಿ ಎಂದು ಅಣ್ಣ ಕೇಳಿದ್ದಕ್ಕೆ, "ಪೇಟೇಲಿ ಎಲ್ಲಾರೂ ನನ್ನ ರಾಣಿಯಾಗಿ ನೋಡಿದಾರೆ. ನಾನು ಗಂಡಸು ಅಂದ್ರೆ ನಂಬಲ್ಲ. ಗುರುತಿಲ್ಲದ ದೇಶಕ್ಕೆ ಹೋಗ್ಬೇಕು," ಅಂದರು. ಹಾಗೆ ನಾವು ದಂಡಿಗೆ, ಅಂದರೆ ಬೆಂಗಳೂರಿನ ಕಂಟೋನ್ಮೆಂಟಿಗೆ, ಹೊರಟೆವು.

ಈಗ ದಂಡೂ ಮೈಸೂರಿಗೇ ಸೇರಿದೆ, ಓದುವವರು ನಗಬಹುದು. ಆದರೆ ಯುದ್ಧದ ಆ ವರ್ಷ ನಮ್ಮ ಪಾಲಿಗೆ ಅದು ಪರದೇಶವೇ. ನಮ್ಮದು ಮಹಾರಾಜರ ಸೀಮೆ, ಅದು ಬ್ರಿಟಿಷರ ಸೀಮೆ. ಪೊಲೀಸು ಬೇರೆ, ಕೋರ್ಟು ಬೇರೆ, ಮಾತಂತೂ ನಾಲ್ಕು ಬಗೆ. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿದ್ದರೂ ನಾನು ಒಂದು ಸಲವೂ ಆ ಕಡೆ ಹೋಗಿರಲಿಲ್ಲ. ಪಕ್ಕದ ಮನೆಯವರು ದಾರಿಗೆಂದು ಅವಲಕ್ಕಿ ಕಟ್ಟಿಕೊಟ್ಟರು. ದಾರಿ ಮೂರು ಮೈಲಿ.

ಗಡಿ

ದಂಡಿನೊಳಕ್ಕೆ ಬಿಡಬೇಕಾದರೆ ಪ್ಲೇಗಿನ ಸೂಜಿ ಹಾಕಿಸಿಕೊಂಡ ಚೀಟಿ ತೋರಿಸಬೇಕು ಎಂದು ಯಾರೋ ಹೇಳಿದ್ದರು. ಯಾರೆಂದು ಆಮೇಲೆ ನೆನಪಾಗಲಿಲ್ಲ. ನೆನಪಾಗಿದ್ದರೆ ನಮ್ಮವರು ಅವರ ಮನೆಗೆ ಹೋಗಿ ಬರುತ್ತಿದ್ದರು. ಹೊರಡುವ ಹಿಂದಿನ ದಿನ ಇಬ್ಬರೂ ಸೂಜಿ ಹಾಕಿಸಿಕೊಂಡೆವು. ನನಗೆ ಏನೂ ಆಗಲಿಲ್ಲ. ಅವರ ಎಡತೋಳು ಬಾತು ಕುಂಬಳಕಾಯಿಯಾಯಿತು.

ಜಟಕಾದಲ್ಲಿ ನಾನು ಎರಡು ಚೀಟಿಯನ್ನೂ ಕೈಯಲ್ಲಿ ಹಿಡಿದೇ ಕೂತಿದ್ದೆ. ಪಾರ್ಕು ದಾಟಿತು, ಮರಗಳು ದಾಟಿದವು, ಯಾರೂ ಏನೂ ಕೇಳಲಿಲ್ಲ. ಕುದುರೆ ಒಂದು ಕಡೆ ತಾನಾಗಿ ನಿಂತು ಲದ್ದಿ ಹಾಕತೊಡಗಿತು. "ಗಡಿ ಎಲ್ಲಪ್ಪಾ?" ಎಂದು ಜಟಕಾದವನನ್ನು ಕೇಳಿದೆ.

"ಇಲ್ಲೇ ಅಮ್ಮ. ಹಿಂದ್ಗಾಲು ಮಹಾರಾಜರದು, ಮುಂದ್ಗಾಲು ಬ್ರಿಟಿಷ್ರದು."

"ಚೀಟಿ ಯಾರು ನೋಡ್ತಾರೆ?"

ಅವನು ನನ್ನ ಕೈಯಿಂದ ಚೀಟಿ ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು ನೋಡಿ, "ಸರಿಯಾಗೈತೆ," ಎಂದು ವಾಪಸು ಕೊಟ್ಟ. ನಮ್ಮವರು ಉದ್ದಕ್ಕೂ ತೋಳು ಹಿಡಿದುಕೊಂಡೇ ಕೂತಿದ್ದರು.

ಬ್ಲಾಕ್‌ಪಳ್ಳಿ

ಈಗೀಗ ಶಿವಾಜಿನಗರ ಎನ್ನತೊಡಗಿದ್ದಾರೆ. ಅಲ್ಲಿ ಗಫೂರ್ ಸಾಹೇಬರೆಂಬುವರು ನಾಟಕದವರಿಗೆ ಪರದೆ, ಜರಿಯ ಬಟ್ಟೆ, ಕಟ್ಟುಕೂದಲಿನ ಟೋಪನ್ನು ಎಲ್ಲ ಬಾಡಿಗೆಗೆ ಕೊಡುವ ವ್ಯಾಪಾರ ಮಾಡುತ್ತಿದ್ದರು. ನಮ್ಮವರ ರಾಣಿಯ ಜಡೆಯೆಲ್ಲ ಅವರ ಅಂಗಡಿಯದೇ. ಮೂರು ಆಟಕ್ಕೂ ಜಾಗ ಗೊತ್ತುಮಾಡಿ, ತಮ್ಮ ಮನೆಯ ಮಹಡಿಯ ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಅರವತ್ತು ದಾಟಿದ ಮನುಷ್ಯ. ಗಡ್ಡಕ್ಕೆ ಮೆಹಂದಿ ಹಚ್ಚಿ ಹಚ್ಚಿ ಅದು ಹಣ್ಣಾದ ಕಿತ್ತಳೆಯ ಬಣ್ಣಕ್ಕೆ ಬಂದಿತ್ತು.

ನಮ್ಮ ಪೇಟೆಯಲ್ಲಿ ಮನೆಗೆ ಬಂದವರನ್ನು "ಊಟ ಆಯ್ತಾ" ಎಂದು ಕೇಳಿ, ಆಯ್ತು ಎಂದರೆ ಸುಮ್ಮನಾಗುತ್ತೇವೆ. ಅಲ್ಲಿ ಆಯ್ತು ಎಂದರೂ ಚಹಾ ಬರುತ್ತದೆ. ಬೇಡವೆಂದರೆ ದೊಡ್ಡ ಲೋಟದಲ್ಲಿ ಬರುತ್ತದೆ. ಸಾಹೇಬರ ಹೆಂಡತಿಗೆ ಕನ್ನಡ ಬಾರದು, ನನಗೆ ಅವರ ಮಾತು ಬಾರದು. ಆದರೂ ಮೊದಲ ದಿನವೇ ಇಬ್ಬರೂ ಗಂಡಂದಿರ ಮೇಲೆ ಒಂದು ಗಂಟೆ ದೂರು ಹೇಳಿಕೊಂಡೆವು. ಒಂದು ಮಾತೂ ತಪ್ಪು ತಿಳಿಯಲಿಲ್ಲ ಎಂದು ನನ್ನ ನಂಬಿಕೆ. ಬೀದಿಯಲ್ಲಿ ಟೊಮೇಟೊ ಮಾರುವವನು ನನ್ನನ್ನು "ಲೇಡಿ" ಎಂದು ಕರೆದ. ನಾನು ಹಿಂದೆ ತಿರುಗಿ ನೋಡಿದೆ, ಯಾರೂ ಇರಲಿಲ್ಲ.

ದೀಪಕ್ಕೆ ಯುದ್ಧದ ಕಟ್ಟುನಿಟ್ಟು ಇದ್ದುದರಿಂದ ಆಟವೆಲ್ಲ ಬಿಸಿಲಿರುವಾಗಲೇ. ಸಂಜೆ ಐದಕ್ಕೆ ಸಾಹೇಬರ ಗೋದಾಮಿನ ಅಂಗಳದಲ್ಲಿ ನಲವತ್ತು ಐವತ್ತು ಜನ ಸೇರಿದರು. ಇಪ್ಪತ್ತರ ಹುಡುಗನಾಗಿ ನಮ್ಮವರು ಗುಂಗುರು ಕೂದಲಿನ ಟೋಪನ್ನು ಹಾಕಿಕೊಂಡು ಬಂದಾಗ ಜನ ಸುಮ್ಮನೆ ನೋಡಿದರು. ಎಪ್ಪತ್ತರ ಮುದುಕನಾಗಿ ಬಂದಾಗ ಕಷ್ಟ ಬಂತು. ಒಂದು ಮಾತು ಮರೆತುಹೋಯಿತು. ನಾನು ಪರದೆಯ ಹಿಂದಿನಿಂದ ಹೇಳಿಕೊಟ್ಟೆ, ಕೇಳಿಸಲಿಲ್ಲ. ಮಾತು ಮರೆತಾಗ ಅವರ ಕೈಗೆ ಮೂವತ್ತು ವರ್ಷದ ಒಂದೇ ಅಭ್ಯಾಸ. ಹೆಗಲ ಮೇಲಿನ ಶಲ್ಯವನ್ನು ಎರಡು ಬೆರಳಲ್ಲಿ ಹಿಡಿದು, ಸೆರಗಿನಂತೆ ಎಳೆದು, ತುಟಿಗೆ ಒತ್ತಿಕೊಂಡರು.

ಎಪ್ಪತ್ತು ವರ್ಷದ ಮುದುಕ ನಾಚಿಕೊಂಡುಬಿಟ್ಟ.

ಹಿಂದಿನಿಂದ ಒಂದು ಸಿಳ್ಳೆ ಬಂತು. "ಅರೇ ದುಲ್ಹನ್ ಆಗಯಿ," ಮದುಮಗಳು ಬಂದಳು, ಎಂದರು ಯಾರೋ. ಅಲ್ಲಿಂದ ಆಟ ಕೈಬಿಟ್ಟು ಹೋಯಿತು. ಅರ್ಧ ಜನ ನಗುತ್ತ ಎದ್ದು ಹೋದರು, ಕೊನೆಗೆ ಉಳಿದವರು ಹನ್ನೊಂದು. ಅದರಲ್ಲಿ ನಾಲ್ವರು ಗೋದಾಮಿನ ಆಳುಗಳು.

ಆಟವಾದ ಮೇಲೆ ನಮ್ಮವರು ಮೆಟ್ಟಿಲ ಮೇಲೆ ಕೂತಿದ್ದರು. ಗಫೂರ್ ಸಾಹೇಬರು ಪಕ್ಕದಲ್ಲಿ ಬಂದು ಕೂತು, "ನೋಡು ಭಾಯಿ, ಒಂದು ಮಾತು ಹೇಳ್ತೀನಿ, ಬೇಜಾರ್ ನಕ್ಕೋ, ಮಾಡ್ಕೋಬೇಡ," ಅಂದರು. "ನೀನು ಮುದುಕ ಅಂತ ತೋರ್ಸೋಕೆ ಬೆನ್ನು ಬಗ್ಗಿಸ್ತೀಯ, ಕೈ ನಡುಗಿಸ್ತೀಯ, ಕೆಮ್ತೀಯ. ನಾನು ಯಾವತ್ತಾದ್ರೂ ಕೆಮ್ಮಿದ್ನಾ?"

"ಇಲ್ಲ," ಅಂದರು ನಮ್ಮವರು.

"ಕೂರೋದ್ರಲ್ಲಿ ಏನೂ ಇಲ್ಲ ಭಾಯಿ. ಯಾರು ಬೇಕಾದ್ರೂ ಕೂರ್ತಾರೆ. ಉಮರು, ವಯಸ್ಸು, ಇರೋದು ಏಳೋದ್ರಲ್ಲಿ. ಈಗ ನೋಡು." ಸಾಹೇಬರು ಏಳಲು ಹೊರಟರು. ಮೊದಲು ಸುತ್ತ ನೋಡಿದರು, ಹಿಡಿದುಕೊಳ್ಳಲು ಏನಿದೆ ಎಂದು. ಆಮೇಲೆ ಆಗಲೇ ಎದ್ದವರ ಹಾಗೆ ಇನ್ನೊಂದು ಮಾತು ತೆಗೆದರು, ಸ್ವಲ್ಪ ಹೊತ್ತು ಕಳೆಯಲಿ ಎಂದು. ಆಮೇಲೆ ಮೊಳಕಾಲ ಮೇಲೆ ಕೈಯಿಟ್ಟು "ಯಾ ಅಲ್ಲಾಹ್" ಎಂದು ಎದ್ದು, ಎದ್ದದ್ದೇ ಬೇರೆ ಯಾವುದೋ ಕೆಲಸಕ್ಕೆ ಎನ್ನುವಂತೆ ಗಡ್ಡ ನೀವಿಕೊಂಡರು.

ನಮ್ಮವರು ಬಾಯಿ ತೆರೆದು ನೋಡುತ್ತಿದ್ದರು. "ಇನ್ನೊಂದು ಸಲ ಏಳಿ ಸಾಹೇಬ್ರೇ," ಅಂದರು.

"ನಕ್ಕೋ ಭಾಯಿ. ದಿನಕ್ಕೆ ಇಷ್ಟೇ ಸಲ."

ಹಲಸೂರು

ಹಲಸೂರಿನ ಜನ ತಮಿಳು ಮಾತಾಡುತ್ತಾರೆ, ಅವರಿಗೆ ತಿಳಿಯುವಂತೆ ತಮಿಳಿನಲ್ಲಿ ಕರಪತ್ರ ಹಾಕಿಸಿದ್ದೇನೆ ಎಂದು ಗಫೂರ್ ಸಾಹೇಬರು ಹೆಮ್ಮೆಯಿಂದ ಹೇಳಿದರು. ಅವರಿಗೆ ತಮಿಳು ಓದಲು ಬಾರದು. ಅಚ್ಚುಮೊಳೆ ಜೋಡಿಸುವವನ ಎದುರು ನಿಂತು ಬಾಯಲ್ಲೇ ಹೇಳಿ ಬಂದಿದ್ದರಂತೆ: ಮುದಿ ಆಟ, ಒಬ್ಬರೇ ಮಾಡಿ ತೋರಿಸುತ್ತಾರೆ, ನಲವತ್ತು ದಾಟಿದ ಗಂಡಸರು ತಪ್ಪದೆ ಬರಬೇಕು.

ಕೆರೆಯ ಹತ್ತಿರ ಒಂದು ಸೌದೆ ಡಿಪೋ, ಅಲ್ಲಿ ಆಟ. ನಾವು ಹೋಗುವ ಹೊತ್ತಿಗೇ ಬ್ಲಾಕ್‌ಪಳ್ಳಿಯ ಮೂರರಷ್ಟು ಜನ ಮರದ ದಿಮ್ಮಿಗಳ ಮೇಲೆ ಸಾಲಾಗಿ ಕೂತಿದ್ದರು. ಎಲ್ಲರೂ ಗಂಡಸರು. ಎಲ್ಲರ ತಲೆಯ ಮೇಲೂ ಟೋಪಿ, ಇಲ್ಲವೆ ರುಮಾಲು. ಎಲ್ಲರ ಕೈಯಲ್ಲೂ ಒಂದೊಂದು ಖಾಲಿ ಸೀಸೆ.

"ಸೀಸೆ ಯಾಕ್ರೀ?" ಎಂದು ನಮ್ಮವರನ್ನು ಕೇಳಿದೆ.

"ದಂಡಿನ ಪದ್ಧತಿ ಇರ್ಬೇಕು."

"ನಾಟಕಕ್ಕೆ ಸೀಸೆ ತರೋದಾ?"

"ನಮ್ಮಲ್ಲಿ ಚಾಪೆ ತರಲ್ವಾ? ಹಾಗೆ," ಅಂದರು. ಪರದೇಶದಲ್ಲಿ ಜನರ ಪದ್ಧತಿಯನ್ನು ಪ್ರಶ್ನಿಸಬಾರದು ಎಂದು ಇಬ್ಬರೂ ಸುಮ್ಮನಾದೆವು.

ಗುಂಗುರು ಕೂದಲಿನ ಹುಡುಗನಾಗಿ ಅವರು ಬಂದ ಕೂಡಲೇ ದಿಮ್ಮಿಗಳ ಮೇಲಿದ್ದವರೆಲ್ಲ ಒಟ್ಟಿಗೆ ಉಸಿರೆಳೆದರು. ಕೆಲವರು ಟೋಪಿ ತೆಗೆದು ತಲೆ ಸವರಿಕೊಂಡರು. ಇಂಥ ಗೌರವ ಅವರಿಗೆ ರಾಣಿಯಾಗಿದ್ದಾಗಲೂ ಸಿಕ್ಕಿರಲಿಲ್ಲ. ಹುರುಪಿನಿಂದ ಹುಡುಗನ ಭಾಗ ಮುಗಿಸಿ, ಐವತ್ತರ ಗಂಡಸಾಗಲು ಜನರ ಎದುರಿಗೇ ಟೋಪನ್ನು ತೆಗೆದರು. ಅವರ ಸ್ವಂತ ತಲೆ ಹೊರಬಂತು. ನೆತ್ತಿಯಲ್ಲಿ ಏನೂ ಇಲ್ಲ, ಸುತ್ತ ಒಂದು ಅಂಚು.

ಗುಸುಗುಸು ಎದ್ದಿತು. ಮುಂದಿನ ದಿಮ್ಮಿಯಲ್ಲಿದ್ದ ಒಬ್ಬ ಎತ್ತರದ ಮುದುಕರು ಸೀಸೆಸಮೇತ ಎದ್ದು ನಿಂತರು. ಪಲ್ಟನ್ನಿನಲ್ಲಿ ಹವಾಲ್ದಾರರಾಗಿದ್ದು ಪಿಂಚಣಿ ಪಡೆದವರೆಂದು ಆಮೇಲೆ ಗೊತ್ತಾಯಿತು. ಬಹಳ ಮರ್ಯಾದೆಯಿಂದ ಹೇಳಿದರು: "ಸಾಮಿ, ತಪ್ಪು ತಿಳ್ಕೋಬೇಡಿ. ಇದು ತಲೆಕೆಳಗು ಆಯ್ತು. ಮೊದ್ಲು ಬೋಳು ತೋರ್ಸಿ, ಅಪ್ಪುರಂ ಕೂದ್ಲು ತೋರ್ಸಬೇಕು."

ನಮ್ಮವರು ನಿಂತಲ್ಲೇ ನಿಂತರು. "ಯಾಕೆ ಐಯಾ?"

"ಎಣ್ಣೆ ಹಚ್ಚೋಕೆ ಮುಂಚೆ ಬೋಳು ತಾನೆ? ಹಚ್ಚಿದ ಮೇಲೆ ತಾನೆ ಮುಡಿ?" ಎಂದು ಜೇಬಿನಿಂದ ಕರಪತ್ರ ತೆಗೆದು ಓದಿದರು. ಅದರಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದದ್ದು ಮುದಿ ಅಲ್ಲ, ಮುಡಿ. ತಮಿಳಿನಲ್ಲಿ ಮುಡಿ ಎಂದರೆ ತಲೆಕೂದಲು. ಮುಡಿ ಆಟ, ಒಬ್ಬರೇ ಮಾಡಿ ತೋರಿಸುತ್ತಾರೆ, ನಲವತ್ತು ದಾಟಿದ ಗಂಡಸರು ತಪ್ಪದೆ ಬರಬೇಕು.

ನಾನು ಪರದೆಯ ಹಿಂದೆ ಟ್ರಂಕಿನ ಮೇಲೆ ಕೂತುಬಿಟ್ಟೆ. ಇದೂ ಕೈಬಿಟ್ಟರೆ ಎರಡು ಆಟ ಹೋದ ಹಾಗೆ, ಮೂರನೆಯದು ಇದ್ದೂ ಇಲ್ಲದ ಹಾಗೆ. ಅಣ್ಣನ ಅಂಗಡಿಯಲ್ಲಿ, ಮೀಸೆ ಬಿಟ್ಟುಕೊಂಡು, ಕೊಳಗದ ಹಿಂದೆ ಕೂತ ನಮ್ಮವರು ಕಣ್ಣಿಗೆ ಬಂದರು.

ಆಮೇಲೆ ಅವರ ದನಿ ಕೇಳಿತು. ಆಟದ ದನಿಯಲ್ಲ, ಮನೆಯಲ್ಲಿ ಮಾತಾಡುವ ದನಿ. "ಅಂಥ ಎಣ್ಣೆ ಇದ್ದಿದ್ರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ ಐಯಾ? ರಾಣಿಯಾಗೇ ಇರ್ತಿದ್ದೆ."

ಅರ್ಥವಾಗಲಿಲ್ಲ ಎಂಬಂತೆ ಹವಾಲ್ದಾರರು ನೋಡಿದರು. ನಮ್ಮವರು ಹೇಳಿದರು. ಕಂಪನಿ, ಹದಿನೇಳರ ಹುಡುಗಿ, ನಿಜವಾದ ಹೆಂಗಸು, ಎಲ್ಲ. ಗಫೂರ್ ಸಾಹೇಬರು ತಮಗೆ ಬಂದ ತಮಿಳಿನಲ್ಲಿ ಬಿಡಿಸಿ ಹೇಳಿದರು. ಆಮೇಲೆ ನಮ್ಮವರು ಒಂದು ದಿಮ್ಮಿ ಎಳೆದುಕೊಂಡು ಅವರ ಎದುರು ಕೂತು, "ನೀವು ಹೇಳಿ. ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದರು.

"ಏನು?"

"ವಯಸ್ಸಾಯ್ತು ಅಂತ."

ಹವಾಲ್ದಾರರು ಯೋಚಿಸಿದರು. "ಪಲ್ಟನ್ ಸೇರಿದಾಗ ಟೋಪಿ ತಲೆ ಮೇಲೆ ಟೈಟಾಗಿ ನಿಂತಿತ್ತು. ಪಿಂಚಣಿ ಟೈಮಲ್ಲಿ ಕಿವಿ ಮೇಲೆ ಕೂತಿತ್ತು. ಅದೇ ಟೋಪಿ ಸಾಮಿ." ಪಕ್ಕದವರು, ತಮ್ಮ ಮಗ ಎದುರಿಗೇ ಬೀಡಿ ಹಚ್ಚಿದ ದಿನ ಎಂದರು. ಇನ್ನೊಬ್ಬರು, ಬಸ್ಸಿನಲ್ಲಿ ಒಬ್ಬ ಸೋಲ್ಜರ್ ಎದ್ದು ಜಾಗ ಕೊಟ್ಟ ದಿನ ಎಂದರು. ಅವತ್ತು ಸಿಟ್ಟು ಬಂದು ನಿಂತೇ ಹೋದರಂತೆ. ನಮ್ಮವರು ಒಬ್ಬೊಬ್ಬರು ಹೇಳಿದ್ದನ್ನೂ ಅಲ್ಲಿಯೇ ಎದ್ದು ಮಾಡಿ ತೋರಿಸಿದರು. ಏಳುವಾಗ ಸುತ್ತ ನೋಡಿ, ಮಾತು ತೆಗೆದು, ಬಾತ ತೋಳನ್ನು ಎತ್ತಲಾರದೆ ಬಲಗೈಯಲ್ಲಿ ಹಿಡಿದು ಎದ್ದರು. ದಿಮ್ಮಿಗಳ ಮೇಲಿದ್ದವರು ನಗಲಿಲ್ಲ, ತಲೆಯಾಡಿಸಿದರು. ಆ ತೋಳಿಗೆ ಸೂಜಿಯೇ ಕಾರಣ ಎಂದು ನನಗೊಬ್ಬಳಿಗೆ ಗೊತ್ತು.

ಬಿಸಿಲು ಇಳಿಯುವವರೆಗೆ ಒಬ್ಬರೂ ಎದ್ದು ಹೋಗಲಿಲ್ಲ. ಹೋಗುವಾಗ ಹವಾಲ್ದಾರರು ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಾ, ನಿಜವಾಗ್ಲೂ ಎಣ್ಣೆ ಇಲ್ವಾ?" ಎಂದು ಕೇಳಿದರು.

ಇದನ್ನು ಗೆದ್ದ ಆಟ ಎನ್ನಬೇಕೋ ಬೇಡವೋ ಎಂದು ನಮ್ಮಿಬ್ಬರಿಗೂ ಜಗಳವಾಯಿತು. ಜನ ಕೂತದ್ದು ಆಟಕ್ಕೋ ಎಣ್ಣೆಗೋ? ಕೊನೆಗೆ ಅವರೇ, "ಬಂದದ್ದು ಎಣ್ಣೆಗೆ, ಕೂತದ್ದು ನನಗೆ," ಎಂದು ತೀರ್ಮಾನ ಕೊಟ್ಟರು.

ದಂಡಿನ ಸ್ಟೇಷನ್

ಮೂರನೆಯ ಆಟ ಕೃಷ್ಣರಾಜಪುರದಲ್ಲಿ. ಅದು ಮತ್ತೆ ಮಹಾರಾಜರ ಸೀಮೆ. ಪರದೇಶವನ್ನು ಅಡ್ಡಕ್ಕೆ ದಾಟಿ ಸ್ವದೇಶ ಸೇರಿದ ಹಾಗೆ. ದಂಡಿನ ಸ್ಟೇಷನ್ನಿನಲ್ಲಿ ರೈಲಿಗೆ ಸೋಲ್ಜರುಗಳ ನೂಕುನುಗ್ಗಲು. ಬೆಳಗಿನ ಚಳಿಗೆ ನಮ್ಮವರು ಶಲ್ಯವನ್ನು ತಲೆಯ ಮೇಲಿಂದ ಹೊದ್ದುಕೊಂಡಿದ್ದರು. ಗಡ್ಡ ಮೀಸೆ ಇಲ್ಲದ ಮುಖ. ಗಾರ್ಡು ಓಡಿಬಂದು ನನ್ನನ್ನು ಹೆಂಗಸರ ಡಬ್ಬಿಗೆ ಹತ್ತಿಸಿ, ಹಿಂದೆಯೇ ಅವರ ರೆಟ್ಟೆ ಹಿಡಿದು, "ಅಜ್ಜಿ, ಬೇಗ, ನೀವೂ ಇಲ್ಲೇ ಹತ್ತಿ," ಎಂದು ಒಳಕ್ಕೆ ನೂಕಿದ. ರೈಲು ಹೊರಟಿತು.

ಡಬ್ಬಿಯಲ್ಲಿ ಹತ್ತು ಹನ್ನೆರಡು ಹೆಂಗಸರು, ತರಕಾರಿ ಬುಟ್ಟಿ. ಈಗ ಗಂಡಸೆಂದು ಹೇಳಿದರೆ ಗಲಾಟೆ, ಹೇಳದಿದ್ದರೆ ತಪ್ಪು. ನಾನು ಕಿಟಕಿಯ ಹೊರಗೆ ನೋಡಿದೆ. ಪಕ್ಕದಲ್ಲಿದ್ದ ಮುನಿಯಮ್ಮ ಎಂಬಾಕೆ ನಮ್ಮವರಿಗೆ ಜಾಗ ಬಿಟ್ಟು, "ಕೂತ್ಕೋ ಅಜ್ಜಿ. ಮೊಮ್ಮಕ್ಕಳೆಷ್ಟು?" ಎಂದಳು.

ಅವರು ರಾಣಿಯ ದನಿ ತೆಗೆದರು. ಎಷ್ಟೋ ವಾರಗಳ ಮೇಲೆ ಕೇಳಿದೆ ಆ ದನಿಯನ್ನು. "ಎಲ್ಲಿ ತಾಯಿ. ನಮಗೆ ಆ ಭಾಗ್ಯ ಇಲ್ಲ." ಅದು ಆಟವಲ್ಲ, ನಿಜ. ಮುನಿಯಮ್ಮ ಬುಟ್ಟಿಯಿಂದ ಒಂದು ಸೀಬೆಹಣ್ಣು ತೆಗೆದು ಅವರ ಮಡಿಲಿಗೆ ಹಾಕಿದಳು.

ಕೃಷ್ಣರಾಜಪುರದಲ್ಲಿ ಇಳಿದಾಗ ಶಲ್ಯ ಜಾರಿತು. ಮುನಿಯಮ್ಮ ಬೋಳುತಲೆ ನೋಡಿದಳು, ಪಂಚೆ ನೋಡಿದಳು. "ಅಜ್ಜಿ ಅಲ್ಲ ಕಣ್ರೇ, ತಾತ," ಎಂದಳು.

"ಅದೂ ಈಗಷ್ಟೇ ಆದೆ ತಾಯಿ," ಅಂದರು ಇವರು.

ಬಯ್ಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರೆಲ್ಲ ಬುಟ್ಟಿ ಕೆಳಗಿಟ್ಟು ನಕ್ಕರು. ಇವರು ಮಾತ್ರ ನಗಲಿಲ್ಲ. ದಾರಿಯಲ್ಲಿ ನನಗೆ ಹೇಳಿದರು: "ಮೂವತ್ತು ವರ್ಷದಲ್ಲಿ ನನ್ನನ್ನ ಹೆಂಗಸು ಅಂದೋರು ಎಷ್ಟೋ ಜನ. ಅಜ್ಜಿ ಅಂದೋನು ಆ ಗಾರ್ಡೇ ಮೊದಲು. ಯಜಮಾನ್ರು ನನ್ನ ತೆಗೆದದ್ದು ಗಂಡಸು ಅಂತಲ್ಲ ಕಣೇ. ಮುದುಕಿ ಅಂತ."

ಕೃಷ್ಣರಾಜಪುರ

ಗಂಡಸರ ಡಬ್ಬಿಯಲ್ಲಿ ಬಂದಿದ್ದ ಗಫೂರ್ ಸಾಹೇಬರ ಜೊತೆ ಸೇರಿ ಸ್ಟೇಷನ್ನಿನ ಪಕ್ಕದ ಬಯಲಲ್ಲಿ ಹುಣಸೆಮರದ ಕೆಳಗೆ ಪರದೆ ಕಟ್ಟಿದೆವು. ಮುನಿಯಮ್ಮ ರೈಲಿನ ಸುದ್ದಿಯನ್ನು ಊರಿಗೆಲ್ಲ ಹಂಚಿದ್ದರಿಂದ ಹೆಂಗಸರೇ ಹೆಚ್ಚು ಬಂದಿದ್ದರು. ನಾನು ಟ್ರಂಕು ತೆಗೆದು ಟೋಪನ್ನು ಕೊಡಹೋದೆ. ಬೇಡವೆಂದರು. ಉಟ್ಟ ಪಂಚೆಯಲ್ಲೇ, ಸ್ವಂತ ತಲೆಯಲ್ಲೇ ಹೊರಗೆ ಹೋಗಿ ಕೂತು, "ಇವತ್ತು ಬೆಳಿಗ್ಗೆ ಗಾರ್ಡು ನನ್ನನ್ನ ಅಜ್ಜಿ ಮಾಡಿದ," ಎಂದು ಶುರುಮಾಡಿದರು.

ಮೂರು ದಿನದಲ್ಲಿ ಕಂಡವರೆಲ್ಲ ಅದರಲ್ಲಿ ಬಂದರು. ಸಾಹೇಬರು ಎದ್ದರು, ಹವಾಲ್ದಾರರ ಟೋಪಿ ಕಿವಿಯ ಮೇಲೆ ಕೂತಿತು, ಸೋಲ್ಜರ್ ಕೊಟ್ಟ ಜಾಗಕ್ಕೆ ಸಿಟ್ಟು ಬಂತು. ನಾನು ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ. ಪರದೆಯ ಹಿಂದೆ ಮೊದಲ ಸಲ ಸುಮ್ಮನೆ ಕೂತು ಆಟ ಕೇಳಿದೆ. ಜನ ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಕೊನೆಗೆ ಎಪ್ಪತ್ತರ ಮುದುಕನೊಬ್ಬ ಕನ್ನಡಿಯ ಎದುರು ಕೂತು ತನ್ನನ್ನೇ ನೋಡಿಕೊಳ್ಳುವ ಭಾಗ ಬಂತು. ನನಗೆ ಗೊತ್ತಿದ್ದ ಕೊನೆಯ ಮಾತನ್ನು ಅವರು ಆಡಲಿಲ್ಲ. ತಡೆದರು. ಬೇರೆ ಏನೋ ಹೇಳಲು ಬಾಯಿ ತೆರೆದರು. ಆಗಲೇ ಮದರಾಸಿನ ಕಡೆಯ ಗೂಡ್ಸು ಗಾಡಿ ಕೂಗಿಕೊಂಡು ಬಂತು. ಉದ್ದದ ಗಾಡಿ. ಡಬ್ಬಿಯ ಹಿಂದೆ ಡಬ್ಬಿ, ನೆಲವೆಲ್ಲ ಅದುರಿತು.

ಗಾಡಿ ಹೋದ ಮೇಲೆ ನೋಡಿದರೆ ಮುಂದಿನ ಸಾಲಿನವರು ಯಾರೂ ನಗುತ್ತಿರಲಿಲ್ಲ. ಮುನಿಯಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಯಾರೂ ಏಳಲಿಲ್ಲ. "ಆಯ್ತು, ಮನೆಗೆ ಹೋಗ್ರಪ್ಪಾ," ಎಂದು ಅವರೇ ಹೇಳಿ ಕಳಿಸಬೇಕಾಯಿತು.

ಪರದೆ ಮಡಿಸುವಾಗ ಕೇಳಿದೆ: "ಕೊನೇಲಿ ಏನಂದ್ರಿ? ನನಗೆ ಕೇಳಿಸಲಿಲ್ಲ."

"ಕೇಳಿಸಲಿಲ್ವಾ? ಹಾಗಾದ್ರೆ ಮುಂದಿನ ಆಟದಲ್ಲಿ ಕೇಳು," ಅಂದರು. ಬಹಳ ಸಂತೋಷವಾಗಿದ್ದರು. ಅಣ್ಣನ ಮುಖ ನೋಡಬೇಕೆಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಅಣ್ಣ ಒಪ್ಪಿಕೊಂಡ; ಸೋತವನೂ ಅವನೇ, ಹೋಳಿಗೆ ಮಾಡಿಸಿದವನೂ ಅವನೇ.

ನಾಲ್ಕನೆಯ ಆಟಕ್ಕೆ ಜಾಗ ಗೊತ್ತಾಗಿತ್ತು. ಅಷ್ಟರಲ್ಲಿ ವಿಷಮಶೀತ ಜ್ವರ ಬಂತು. ಇಪ್ಪತ್ತು ದಿನ ಮಲಗಿದ್ದರು. ಜ್ವರದಲ್ಲಿ ಆ ಮಾತು ಕೇಳಬೇಕೆಂದು ನನಗೆ ತೋಚಲಿಲ್ಲ. ಗಂಜಿ ಕುಡಿಯಿರಿ, ಮಾತ್ರೆ ನುಂಗಿರಿ ಎಂದೇ ಹೇಳುತ್ತಿದ್ದೆ. ಇಪ್ಪತ್ತೊಂದನೆಯ ದಿನ ಹೋದರು.

ವರ್ಷ ಕಳೆದ ಮೇಲೆ ಒಬ್ಬಳೇ ಕೃಷ್ಣರಾಜಪುರಕ್ಕೆ ಹೋಗಿ ಬಂದೆ. ಸ್ಟೇಷನ್ನಿನ ಪೋರ್ಟರು ಆವತ್ತು ಮುಂದೆಯೇ ಕೂತಿದ್ದನಂತೆ. "ರೈಲು ಹೋಗ್ಲಿ, ಆಮೇಲೆ ಹೇಳ್ತೀನಿ ಅಂದ್ರು ಅಮ್ಮ, ಅಷ್ಟೇ," ಎಂದ. ಮುನಿಯಮ್ಮ, "ಅಲ್ಲ, ಪರದೆ ಕಡೆ ಕೈ ತೋರ್ಸಿ, 'ನಾನು ಯಾರು ಅಂತ ಅವಳಿಗೆ ಗೊತ್ತು' ಅಂದ್ರು, ನಾನು ಕಣ್ಣಾರೆ ಕಂಡೆ," ಎಂದಳು. ಗಫೂರ್ ಸಾಹೇಬರಿಗೆ ಗಾಡಿಯ ಸದ್ದಷ್ಟೇ ನೆನಪು. ಪೋರ್ಟರು ಹೇಳಿದ್ದೂ ನಮ್ಮವರು ಆಡುವಂಥ ಮಾತೇ, ಮುನಿಯಮ್ಮ ಹೇಳಿದ್ದೂ ಅವರು ಆಡುವಂಥ ಮಾತೇ.

ಆ ಆಟ ಪೂರ್ತಿ ನನಗೆ ಬಾಯಿಗೆ ಬರುತ್ತದೆ. ಕೊನೆಯ ಒಂದು ಮಾತು ಇಲ್ಲ.